ನಾಣ್ಯಕ್ಕೆ ನಾನು ಕತ್ತರಿ ಹಾಕಿಲ್ಲ: ನಿಮ್ಮ ದೃಢೀಕರಣ ವಿಭಾಗದ ಮೇಲೆ ದೂರು

ಬದಿಯಡ್ಕ, ಕಾಸರಗೋಡು ಜಿಲ್ಲೆ

ದೂರು ಪರಿಹಾರ ಅಧಿಕಾರಿಗಳಿಗೆ,

ವಿಷಯ: ಟಂಕಸಾಲೆಯ ದೋಷವಿರುವ 1998ರ ಒಂದು ರೂಪಾಯಿ ನಾಣ್ಯಕ್ಕೆ ‘ಹಾನಿಗೊಂಡದ್ದು’ ಎಂಬ ಚೀಟಿ ಅಂಟಿಸಿದ್ದು.

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿ, ಎರಡು ಸಲ ಮಿಂಚಂಚೆ ಬರೆದು, ಪ್ರತಿ ಸಲವೂ ‘ಪರಿಶೀಲಿಸುತ್ತೇವೆ’ ಎಂಬ ಮಾತನ್ನಷ್ಟೇ ಕೇಳಿಸಿಕೊಂಡ ಬಳಿಕ ಈ ಪತ್ರ ಬರೆಯುತ್ತಿದ್ದೇನೆ.

ದೃಢೀಕರಣಕ್ಕೆಂದು ನಿಮಗೆ ಕಳುಹಿಸಿದ್ದ ನನ್ನ ನಾಣ್ಯವನ್ನು, ಆಮೇಲೆ ಕತ್ತರಿಸಿದ್ದೆಂಬಂತೆ ನೀವು ತಿರಸ್ಕರಿಸಿದ್ದೀರಿ. ಇಸವಿಯ ಕೆಳಗೆ ಹೈದರಾಬಾದ್ ಟಂಕಸಾಲೆಯ ಗುರುತಾದ ನಕ್ಷತ್ರವಿರುವ ಸ್ಟೀಲ್ ನಾಣ್ಯ ಅದು. ಗಡಿಯಾರದ ನಾಲ್ಕು ಗಂಟೆಯ ಜಾಗದಲ್ಲಿ ಅಂಚು ಒಳಬಾಗಿದ ಕಮಾನಿನಂತೆ ಕಡಿದುಹೋಗಿದೆ, 4.85 ಗ್ರಾಂ ಇರಬೇಕಾದದ್ದು ನನ್ನ ತಕ್ಕಡಿಯಲ್ಲಿ 4.41 ಗ್ರಾಂ ತೂಗುತ್ತದೆ. ಲೋಹದ ಪಟ್ಟಿಯಿಂದ ಬಿಲ್ಲೆ, ಅಂದರೆ ಮುದ್ರೆ ಒತ್ತುವ ಮೊದಲಿನ ಬರಿಯ ನಾಣ್ಯ, ಕತ್ತರಿಸುವಾಗ ಪಟ್ಟಿ ಸಾಕಷ್ಟು ಮುಂದೆ ಸರಿಯದೆ, ಹಿಂದಿನ ಬಿಲ್ಲೆ ಬಿದ್ದ ತೂತಿನ ಮೇಲೆಯೇ ಕತ್ತರಿಸುವ ಅಚ್ಚು ಇಳಿದರೆ ಇಂಥ ಕಮಾನು ಉಂಟಾಗುತ್ತದೆಂಬುದನ್ನು ನಾನು ನಿಮಗೆ ಕಲಿಸಬೇಕಾಗಿಲ್ಲ. ಹಾಗೆ ಕಡಿದ ಬಿಲ್ಲೆಯನ್ನು ಸುತ್ತಲಿಂದ ಒತ್ತಿ ಅಂಚು ಎಬ್ಬಿಸುವಾಗ ಕಡಿದ ಕಡೆ ಒತ್ತಡಕ್ಕೆ ಆಸರೆ ಸಿಗದ್ದರಿಂದ, ಸರಿಯಾಗಿ ಎದುರುಬದಿಯ ಅಂಚು ಸೊರಗುತ್ತದೆ. ಬ್ಲೇಕ್ಸ್‌ಲಿ ಪರಿಣಾಮವೆಂದು ಕರೆಯುವ ಈ ಗುರುತು ನನ್ನ ನಾಣ್ಯದ ಹತ್ತು ಗಂಟೆಯ ಜಾಗದಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಟಂಕಸಾಲೆಯಿಂದ ಹೊರಬಂದ ಮೇಲೆ ಯಾರೋ ಕತ್ತರಿಸಿದ್ದರೆ ಎದುರಿನ ಅಂಚು ಸೊರಗಲು ಕಾರಣವೇನು? ಕಮಾನಿನ ಪಕ್ಕದ ವಿನ್ಯಾಸವೂ ಕತ್ತರಿಸಿದಂತೆ ನಿಂತಿಲ್ಲ, ಕಮಾನಿನತ್ತ ಚಾಚಿಕೊಂಡು ತೆಳುವಾಗಿದೆ.

ಇದನ್ನೆಲ್ಲ ನಾಲ್ಕನೆಯ ಕರೆಯಲ್ಲಿ ಹೇಳಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಕೈಯಲ್ಲಿ ಮೊಳೆಯ ಪೊಟ್ಟಣವಿದ್ದುದರಿಂದ ಫೋನನ್ನು ಸ್ಪೀಕರಿನಲ್ಲಿ ಇಟ್ಟಿದ್ದೆ. ನಿಮ್ಮ ಸಿಬ್ಬಂದಿ ನನ್ನ ಮಾತನ್ನು ಅರ್ಧಕ್ಕೆ ತಡೆದು, “ನಿಮ್ಮ ಉದ್ಯೋಗವೇನು?” ಎಂದು ಕೇಳಿದರು. ಹಾರ್ಡ್‌ವೇರ್ ಅಂಗಡಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ತಗಡಿನ ಕತ್ತರಿ, ಅರ ಎಲ್ಲ ಕೈಗೆಟಕುವಲ್ಲೇ ಇರುತ್ತವಲ್ಲ” ಎಂದರು. ಹಿಂದಿನಿಂದ ಇನ್ನೊಬ್ಬರು ನಕ್ಕದ್ದೂ ಕೇಳಿಸಿತು. ಎದುರಿಗಿದ್ದ ಗಿರಾಕಿ, ಇಪ್ಪತ್ತು ವರ್ಷದಿಂದ ನನ್ನಲ್ಲಿ ಸಾಲಕ್ಕೆ ಸಾಮಾನು ಒಯ್ಯುವವರು, ತಲೆ ತಗ್ಗಿಸಿ ಮೊಳೆ ಎಣಿಸತೊಡಗಿದರು. ಸ್ಟೀಲ್ ನಾಣ್ಯದಲ್ಲಿ ತಗಡಿನ ಕತ್ತರಿಯಿಂದ ಅಷ್ಟು ನಯವಾದ ಕಮಾನು ಕತ್ತರಿಸಬಲ್ಲವರು ನಿಮ್ಮಲ್ಲಿದ್ದರೆ ದಯವಿಟ್ಟು ಕಳುಹಿಸಿಕೊಡಿ, ಕತ್ತರಿಯನ್ನು ನಾನೇ ಕೊಡುತ್ತೇನೆ.

ಕಡಿದ ನಾಣ್ಯವನ್ನು ತಿರಸ್ಕರಿಸುವ ಮೊದಲು ತೂಕವನ್ನೂ ಎದುರಂಚನ್ನೂ ಪರೀಕ್ಷಿಸಿ ದಾಖಲಿಸಬೇಕೆಂದು ನಿಮ್ಮ ಅರ್ಜಿಯ ಹಿಂಬದಿಯಲ್ಲೇ ಅಚ್ಚಾಗಿದೆ. ನನಗೆ ಬಂದ ವರದಿಯಲ್ಲಿ ಆ ಎರಡು ಕಾಲಂಗಳೂ ಖಾಲಿ ಇವೆ. ನೋಡದೆಯೇ ತೀರ್ಪು ಕೊಟ್ಟಿದ್ದೀರಿ, ಶುಲ್ಕವನ್ನು ಮಾತ್ರ ಪೂರ್ತಿ ಪಡೆದಿದ್ದೀರಿ.

ಹದಿನೈದು ದಿನಗಳೊಳಗೆ ನಾಣ್ಯವನ್ನು ಬೇರೊಬ್ಬ ಪರೀಕ್ಷಕರಿಂದ ಉಚಿತವಾಗಿ ಮರುಪರಿಶೀಲಿಸಿ, ನನ್ನ ಮೇಲೆ ಹೊರಿಸಿದ ಆರೋಪವನ್ನು ಲಿಖಿತವಾಗಿ ಹಿಂಪಡೆಯಬೇಕು. ಇಲ್ಲವಾದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರ ವಾಸಿಸುವಲ್ಲಿಯೇ ದೂರು ಕೊಡಲು ಅವಕಾಶ ನೀಡಿರುವುದರಿಂದ, ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ನೀವೇ ಬಂದು ಆ ಎರಡು ಖಾಲಿ ಕಾಲಂಗಳಿಗೆ ಉತ್ತರ ಹೇಳಬೇಕಾಗುತ್ತದೆ. ಆ ದಿನ ನಾನು ನಾಣ್ಯವನ್ನೂ, ಭೂತಗನ್ನಡಿಯನ್ನೂ, ಆ ಗಿರಾಕಿಯನ್ನೂ ಕರೆದುಕೊಂಡೇ ಬರುತ್ತೇನೆ.

ಇತಿ,
ನಿಮ್ಮ ಅರ್ಜಿದಾರ