ಅಣ್ಣನ ಅಂಗಿ ತಮ್ಮನಿಗೆ ಬರಬೇಕಾದರೆ

ಮಾನ್ಯ ಸಂಪಾದಕರೇ,

ಮೇ ತಿಂಗಳ ಕೊನೆಗೆ ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ ಹುಬ್ಬಳ್ಳಿಯ ಜವಳಿ ಸಾಲಿನಲ್ಲಿಯೂ ಧಾರವಾಡದ ಸುಭಾಸ ರಸ್ತೆಯಲ್ಲಿಯೂ ಸಮವಸ್ತ್ರದ ಅಂಗಡಿಗಳ ಮುಂದೆ ಪಾಲಕರು ಮಕ್ಕಳ ಕೈ ಹಿಡಿದುಕೊಂಡು ನಿಂತಿರುತ್ತಾರೆ. ಅವರಲ್ಲಿ ಅನೇಕರ ಮನೆಯ ಟ್ರಂಕಿನಲ್ಲಿ, ಹಿರಿಯ ಮಗುವಿಗೆ ಗಿಡ್ಡವಾದರೂ ಬಟ್ಟೆ ಇನ್ನೂ ಗಟ್ಟಿಯಾಗಿರುವ ಅಂಗಿ, ಚಡ್ಡಿ, ಲಂಗಗಳು ಮಡಚಿಟ್ಟಂತೆಯೇ ಇರುತ್ತವೆ ಮತ್ತು ಅವು ಕಿರಿಯ ಮಗುವಿಗೆ ಸರಿಯಾಗಿ ಹೊಂದುವಂತೆಯೂ ಇರುತ್ತವೆ. ಆದರೂ ಅವರು ಹೊಸದನ್ನೇ ಕೊಳ್ಳಬೇಕಾಗಿ ಬಂದಿರುವ ಕಾರಣಗಳನ್ನು ತಮ್ಮ ಪತ್ರಿಕೆಯ ಮೂಲಕ ಶಾಲಾ ಆಡಳಿತ ಮಂಡಳಿಗಳ ಹಾಗೂ ಶಿಕ್ಷಣ ಇಲಾಖೆಯ ಗಮನಕ್ಕೆ ತರಬಯಸುತ್ತೇನೆ. ನಾನು ಹೊಲಿಗೆ ಶಿಕ್ಷಕಿಯಾಗಿ ನಿವೃತ್ತಳಾದವಳು. ಈಗಲೂ ನೆರೆಹೊರೆಯ ಮಕ್ಕಳ ಬಟ್ಟೆಗಳ ಉದ್ದ ಬಿಚ್ಚುವುದು, ಅಗಲ ಕಡಿಮೆ ಮಾಡುವುದು ನನ್ನ ಬಳಿಗೇ ಬರುವುದರಿಂದ ಈ ವಿಷಯ ನನಗೆ ಹತ್ತಿರದ್ದು.

ಹಿರಿಯರು ತೊಟ್ಟದ್ದು ಕಿರಿಯರಿಗೆ ಬರುವುದು ನಮ್ಮ ಭಾಗದಲ್ಲಿ ಎಂದೂ ಕೊರತೆಯ ಮಾತಾಗಿರಲಿಲ್ಲ. ಕೂಸಿಗೆ ಹಾಕುವ ಕುಂಚಿಗೆ ಅಕ್ಕನ ಮಗುವಿನಿಂದ ತಂಗಿಯ ಮಗುವಿಗೆ ದಾಟುತ್ತದೆ. ತೀರ ಸವೆದ ಸೀರೆ, ಧೋತರಗಳು ಕೌದಿಯ ಪದರಗಳಾಗುತ್ತವೆ. ಕೌದಿಗೆ ಹೋಗುವ ಮುನ್ನ ಬಟ್ಟೆ ಎಷ್ಟು ಮೈ ಕಾಣಬಲ್ಲದೋ ಅಷ್ಟನ್ನೂ ಕಾಣಲಿ ಎಂಬುದು ಇಲ್ಲಿಯ ಹೆಣ್ಣುಮಕ್ಕಳ ಲೆಕ್ಕ. ಈ ಲೆಕ್ಕಕ್ಕೆ ಸಮವಸ್ತ್ರದಷ್ಟು ಚೆನ್ನಾಗಿ ಹೊಂದುವ ಬಟ್ಟೆ ಇನ್ನೊಂದಿಲ್ಲ. ಪ್ರಾಥಮಿಕ ಶಾಲೆಯ ವಯಸ್ಸಿನ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ; ಆದರೆ ಸಮವಸ್ತ್ರಕ್ಕೆ ಬಳಸುವ ಪಾಲಿಯೆಸ್ಟರ್ ಮತ್ತು ಹತ್ತಿ ಬೆರೆಸಿದ ಬಟ್ಟೆಯು ಒಂದೆರಡು ವರ್ಷಗಳ ಒಗೆತಕ್ಕೆ ಸವೆಯುವಂಥದ್ದಲ್ಲ. ಹೀಗಾಗಿ ಅಂಗಿಯು ಹರಿಯುವುದಕ್ಕಿಂತ ಮುಂಚೆ ಗಿಡ್ಡವಾಗುತ್ತದೆ. ಮನೆಯಲ್ಲಿ ಎರಡು ಮೂರು ವರ್ಷಗಳ ಅಂತರದ ಇನ್ನೊಂದು ಮಗು ಅದೇ ಶಾಲೆಯಲ್ಲಿದ್ದರೆ ಆ ಅಂಗಿಯ ಉಳಿದ ಆಯುಷ್ಯ ಅದರದಾಗಬೇಕು.

ಆದರೆ ಶಾಲೆಗಳು ಹಾಗಾಗಲು ಬಿಡುತ್ತಿಲ್ಲ. ಅವಳಿ ನಗರದ ಒಂದು ಖಾಸಗಿ ಶಾಲೆಯಲ್ಲಿ ನೀಲಿ ಚೌಕುಳಿಯ ಅಂಗಿ ಬೂದು ಪಟ್ಟಿಯ ಅಂಗಿಯಾಯಿತು. ಮರುವರ್ಷ ಬೂದು ಪಟ್ಟಿ ಹಾಗೆಯೇ ಉಳಿದು, ಕಾಲರಿಗೆ ಬೇರೆ ಬಣ್ಣದ ಅಂಚು ಬಂದಿತು. ಪಾಲಕರಿಗೆ ಸಿಕ್ಕ ತಿಳಿವಳಿಕೆ ಎಂದರೆ ಬೇಸಿಗೆ ರಜೆಯ ನಡುವೆ ಮೊಬೈಲಿಗೆ ಬಂದ ಒಂದು ಸಂದೇಶ ಮತ್ತು ಒಂದು ಅಂಗಡಿಯ ಹೆಸರು. ಇದು ಒಂದೇ ಶಾಲೆಯ ಕಥೆಯಾಗಿದ್ದರೆ ನಾನು ಪತ್ರಿಕೆಗೆ ಬರೆಯುತ್ತಿರಲಿಲ್ಲ, ಅಲ್ಲಿಗೇ ಹೋಗಿ ಹೇಳುತ್ತಿದ್ದೆ.

ಈ ಬಗ್ಗೆ ನಿಯಮವಿಲ್ಲವೆಂದಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ 1995ರಲ್ಲಿ ಬಂದ ವರ್ಗೀಕರಣ, ನಿಯಂತ್ರಣ ಮತ್ತು ಪಠ್ಯಕ್ರಮ ನಿಗದಿಯ ನಿಯಮಗಳಲ್ಲಿ 11ನೆಯ ನಿಯಮವು ಸಮವಸ್ತ್ರಕ್ಕೆ ಸಂಬಂಧಿಸಿದ್ದು. ಮಾನ್ಯತೆ ಪಡೆದ ಪ್ರತಿಯೊಂದು ಶಿಕ್ಷಣ ಸಂಸ್ಥೆಯು ತನ್ನದೇ ಸಮವಸ್ತ್ರವನ್ನು ಗೊತ್ತುಪಡಿಸಬಹುದು; ಆದರೆ ಒಮ್ಮೆ ಗೊತ್ತುಪಡಿಸಿದ ಮೇಲೆ ಮುಂದಿನ ಐದು ವರ್ಷಗಳ ಒಳಗೆ ಅದನ್ನು ಬದಲಿಸುವಂತಿಲ್ಲ, ಬದಲಿಸಬೇಕೆಂದಾಗ ಕನಿಷ್ಠ ಒಂದು ವರ್ಷ ಮುಂಚಿತವಾಗಿ ಪಾಲಕರಿಗೆ ನೋಟಿಸು ಕೊಡಬೇಕು ಎಂದು ಅದು ಹೇಳುತ್ತದೆ. 2022ರಲ್ಲಿ ಹಿಜಾಬ್ ವಿವಾದ ಹೈಕೋರ್ಟಿನಲ್ಲಿದ್ದಾಗ ಇದೇ ನಿಯಮವನ್ನು ಪತ್ರಿಕೆಗಳು ದಿನವೂ ಉಲ್ಲೇಖಿಸುತ್ತಿದ್ದವು. ಅದರಲ್ಲಿನ ಐದು ವರ್ಷದ ಮಾತಿನ ಕಡೆಗೆ ಮಾತ್ರ ಹೆಚ್ಚಿನವರ ಗಮನ ಹೋದಂತಿಲ್ಲ. ತಾಯಿಯೊಬ್ಬಳ ಕಣ್ಣಿನಿಂದ ನೋಡಿದರೆ ಇಡೀ ನಿಯಮದಲ್ಲಿ ಬೆಲೆಯುಳ್ಳ ಮಾತು ಅದೇ. ಮೂರು ವರ್ಷ ಕಿರಿಯನಾದ ತಮ್ಮನು ಅಣ್ಣನ ತರಗತಿಗೆ ಬರುವವರೆಗೂ ಅಂಗಿಯ ಬಣ್ಣ ಅದೇ ಇರುತ್ತದೆ ಎಂಬ ಭರವಸೆ ಅದರಿಂದ ಸಿಗುತ್ತದೆ. ಒಂದು ವರ್ಷದ ನೋಟಿಸು ಸಿಕ್ಕರೆ, ಮುಂದೆ ಕೆಲಸಕ್ಕೆ ಬಾರದ ಬಣ್ಣದಲ್ಲಿ ದೊಡ್ಡ ಅಳತೆಯ ಬಟ್ಟೆಯನ್ನು ಕೊಳ್ಳುವುದಾದರೂ ತಪ್ಪುತ್ತದೆ. ಕೇಂದ್ರೀಯ ಪಠ್ಯಕ್ರಮದ ಮಂಡಳಿಯಾದ ಸಿಬಿಎಸ್‌ಇ ಕೂಡ 2017ರ ಏಪ್ರಿಲ್‌ನಲ್ಲಿ ತನ್ನ ಶಾಲೆಗಳು ಪುಸ್ತಕ, ಸಮವಸ್ತ್ರಗಳ ವ್ಯಾಪಾರಕ್ಕೆ ಇಳಿಯಬಾರದೆಂದು ಸುತ್ತೋಲೆ ಹೊರಡಿಸಿದೆ. ಉಪನಿರ್ದೇಶಕರ ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗಳಿಂದ ಹೊಸ ಆದೇಶವೇನೂ ಬೇಕಿಲ್ಲ. ಪ್ರತಿ ಶಾಲೆಯೂ ತನ್ನ ಈಗಿನ ಸಮವಸ್ತ್ರ ಯಾವ ವರ್ಷ ಗೊತ್ತಾಯಿತು ಎಂಬುದನ್ನು ಸೂಚನಾ ಫಲಕದಲ್ಲಿ ಬರೆದು ಹಾಕುವಂತೆ ಮಾಡಿದರೆ ಸಾಕು, ಉಳಿದುದನ್ನು ಪಾಲಕರೇ ಎಣಿಸಿಕೊಳ್ಳುತ್ತಾರೆ.

ಬಣ್ಣ ಬದಲಿಸದೆಯೂ ಹಳೆಯದನ್ನು ನಿರುಪಯುಕ್ತ ಮಾಡುವ ದಾರಿಗಳಿವೆ. ಅಂಗಿಯ ಜೇಬಿನ ಮೇಲೆ ಲಾಂಛನವನ್ನು ನೇರವಾಗಿ ಮುದ್ರಿಸಿ ಪ್ರತಿ ಬಾರಿ ಅದರ ರೂಪ ತಿದ್ದುವುದು ಒಂದು. ಕ್ರೀಡಾಕೂಟದ ಟೀ ಶರ್ಟಿನ ಬೆನ್ನಿಗೆ ಇಸವಿ ಅಚ್ಚು ಹಾಕಿಸುವುದು ಇನ್ನೊಂದು. ಲಾಂಛನವನ್ನು ಬೇರೆ ಬಟ್ಟೆಯ ತುಂಡಿನಲ್ಲಿ ಕೊಟ್ಟರೆ ಅದನ್ನು ಜೇಬಿಗೆ ಹೊಲಿಯಲು ಐದು ನಿಮಿಷ ಸಾಕು, ಬಿಚ್ಚಿ ಇನ್ನೊಂದಕ್ಕೆ ಹಚ್ಚಲು ಮತ್ತೈದು ನಿಮಿಷ. ಇನ್ನು ಹೌಸ್‌ಗಳ, ಅಂದರೆ ಶಾಲೆಯವರು ಮಕ್ಕಳನ್ನು ಬಣ್ಣವಾರು ಹಂಚುವ ಗುಂಪುಗಳ ವಿಷಯ. ಅಕ್ಕನನ್ನು ಕೆಂಪು ಹೌಸಿಗೆ, ತಂಗಿಯನ್ನು ಹಸಿರು ಹೌಸಿಗೆ ಹಾಕಿದಾಗ ಅಕ್ಕನ ಟೀ ಶರ್ಟು ಮನೆಯಲ್ಲಿ ಕಿಟಕಿ ಒರೆಸಲು ಹೋಗುತ್ತದೆ. ಒಡಹುಟ್ಟಿದವರನ್ನು ಒಂದೇ ಹೌಸಿಗೆ ಸೇರಿಸುವುದಕ್ಕೆ ಶಾಲೆಗೆ ಒಂದು ಪೈಸೆಯೂ ಖರ್ಚಿಲ್ಲ. ಮನಸ್ಸು ಮಾಡಿದರೆ ಹಾಜರಿ ಪುಸ್ತಕ ಬರೆಯುವ ದಿನವೇ ಆಗುವ ಕೆಲಸವಿದು.

ಈ ಮಾತು ಬಂದಾಗಲೆಲ್ಲ ಶಾಲೆಯವರು, ಹಳೆಯ ಬಟ್ಟೆ ತೊಟ್ಟರೆ ಸಾಲಿನಲ್ಲಿ ಬಣ್ಣದ ಏಕರೂಪತೆ ಕೆಡುತ್ತದೆ ಎನ್ನುತ್ತಾರೆ. ಜೂನ್‌ನಲ್ಲಿ ಕೊಂಡ ಹೊಸ ಅಂಗಿ ಜನವರಿಯಲ್ಲಿ ಹೇಗಿರುತ್ತದೆ ಎಂಬುದನ್ನು ಅವರು ಗಣರಾಜ್ಯೋತ್ಸವದ ದಿನ ಒಮ್ಮೆ ಗಮನಿಸಿ ನೋಡಬೇಕು. ಧಾರವಾಡದ ಕೆಮ್ಮಣ್ಣು ಮತ್ತು ನವಲಗುಂದ, ಗದಗ ಕಡೆಯ ಎರೆಮಣ್ಣು ಶನಿವಾರದ ಬಿಳಿ ಸಮವಸ್ತ್ರಕ್ಕೆ ಹತ್ತಿದ ಮೇಲೆ ಹೊಸದೇನು, ಹಳೆಯದೇನು?

ಮಳೆಗಾಲದ ಲೆಕ್ಕವೂ ಇದೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಧಾರವಾಡದಲ್ಲಿ ಬೀಳುವ ಜಿಟಿಜಿಟಿ ಮಳೆಯಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಎರಡೇ ಜೊತೆ ಇರುವ ಮಗು ಹಸಿ ವಾಸನೆಯ ಚಡ್ಡಿಯಲ್ಲಿಯೇ ಬೆಂಚಿನ ಮೇಲೆ ಕುಳಿತಿರುತ್ತದೆ. ಮೂರನೆಯ ಜೊತೆಯನ್ನು ಹೊಸದಾಗಿ ಕೊಳ್ಳುವುದು ಅಮರಗೋಳದ ಎಪಿಎಂಸಿಯಲ್ಲಿ ಮೂಟೆ ಹೊರುವವರಿಗಾಗಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸಲು ಹೋಗುವ ತಾಯಂದಿರಿಗಾಗಲಿ ಸುಲಭವಲ್ಲ. ಅಣ್ಣನದೋ ಅಕ್ಕನದೋ ಹಳೆಯ ಜೊತೆಯೊಂದು ಇಲ್ಲಿ ನಿಜವಾಗಿ ಉಪಕಾರಕ್ಕೆ ಬರುತ್ತದೆ. ಸರ್ಕಾರಿ ಶಾಲೆಗಳಲ್ಲಿ ಈ ತೊಂದರೆ ಕಡಿಮೆ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಲ್ಲಿ ಮಗುವೊಂದಕ್ಕೆ ವರ್ಷಕ್ಕೆ ಎರಡು ಜೊತೆಗೆ ಗರಿಷ್ಠ 600 ರೂಪಾಯಿ ಎಂದಿದೆ, ವಿದ್ಯಾ ವಿಕಾಸ ಯೋಜನೆಯಲ್ಲಿ ರಾಜ್ಯ ಸರ್ಕಾರವೂ ಸಮವಸ್ತ್ರ ಕೊಡುತ್ತದೆ, ಬಣ್ಣವೂ ಮೇಲಿಂದ ಮೇಲೆ ಬದಲಾಗುವುದಿಲ್ಲ. ಆದರೆ ಬಟ್ಟೆಯ ರೂಪದಲ್ಲಿ ಬಂದಾಗ ಹೊಲಿಸುವ ಖರ್ಚು ಪಾಲಕರ ಮೇಲೆಯೇ ಬೀಳುವುದರಿಂದ ಅಲ್ಲಿಯೂ ಹೊಲಿದ ಹಳೆಯ ಅಂಗಿಗೆ ಬೆಲೆಯಿದೆ.

ಹಾಗೆಂದು ಎಲ್ಲವನ್ನೂ ಕಿರಿಯರಿಗೆ ದಾಟಿಸಬೇಕೆಂದು ನಾನು ಹೇಳುತ್ತಿಲ್ಲ. ಶೂಗಳನ್ನು ಕೊಡಬಾರದು, ಒಬ್ಬರು ವರ್ಷವಿಡೀ ಮೆಟ್ಟಿದ ಶೂ ಅವರ ಪಾದದ ಆಕಾರಕ್ಕೆ ಬಗ್ಗಿರುತ್ತದೆ, ಬೆಳೆಯುವ ಇನ್ನೊಂದು ಪಾದವನ್ನು ಅದರೊಳಗೆ ತುರುಕುವುದು ಸರಿಯಲ್ಲ. ಕಾಲುಚೀಲ, ಒಳ ಉಡುಪುಗಳ ಮಾತನ್ನಂತೂ ಎತ್ತುವುದೇ ಬೇಡ. ಅಂಗಿ, ಚಡ್ಡಿ, ಪ್ಯಾಂಟು, ಲಂಗ, ಸ್ವೆಟರುಗಳನ್ನು ಕೊಡುವ ಮುನ್ನ ಬೆಳಕಿಗೆ ಹಿಡಿದು ನೋಡಬೇಕು. ಕುಳಿತುಕೊಳ್ಳುವ ಭಾಗದಲ್ಲಿ ಮತ್ತು ಮೊಣಕಾಲಿನ ಬಳಿ ಬೆಳಕು ಜಾಳಾಗಿ ತೂರಿ ಬಂದರೆ ಅದು ಕೌದಿಗೆ ಹೋಗಬೇಕಾದ ಬಟ್ಟೆ. ಕಾಲರಿನ ಮಡಿಕೆ ಸವೆದಿದ್ದರೆ ಅದನ್ನು ಬಿಚ್ಚಿ, ತಿರುವಿ ಹಚ್ಚಿದರೆ ಒಳಗಿನ ಹೊಸ ಮೈ ಮೇಲೆ ಬರುತ್ತದೆ. ಸೊಂಟದ ಇಲಾಸ್ಟಿಕ್ ವರ್ಷದಲ್ಲಿ ಸಡಿಲವಾಗಿರುತ್ತದೆ. ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಇಲಾಸ್ಟಿಕ್ ಬದಲಿಸದೆ ಕೊಡಬಾರದು, ಆಟದ ನಡುವೆ ಚಡ್ಡಿ ಹಿಡಿದುಕೊಂಡು ಓಡುವ ಮಗುವಿನ ಮುಜುಗರ ಕೊಟ್ಟವರಿಗೆ ಕಾಣುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಚಿಕ್ಕ ಮಗುವಿಗೆ ಹೊಂದಿಸುವಾಗ ಕತ್ತರಿ ಹಾಕಬಾರದು. ಹೆಚ್ಚಿನ ಉದ್ದವನ್ನು ಒಳಗೆ ಮಡಚಿ ದೊಡ್ಡ ದೊಡ್ಡ ಹೊಲಿಗೆಯಲ್ಲಿ ಹಿಡಿದರೆ ಮರುವರ್ಷ ಅದನ್ನೇ ಬಿಚ್ಚಿಕೊಳ್ಳಬಹುದು. ಬಿಚ್ಚಿದಲ್ಲಿ ಹಳೆಯ ಮಡಿಕೆಯ ಗೆರೆ ಕಾಣುತ್ತದೆ ಎಂದು ತಾಯಂದಿರು ಹಿಂಜರಿಯುತ್ತಾರೆ. ಆ ಗೆರೆಯ ಮೇಲೆಯೇ ಅದೇ ಬಣ್ಣದ ದಾರದಲ್ಲಿ ಎರಡು ಸಾಲು ಹೊಲಿಗೆ ಓಡಿಸಿದರೆ ಅದು ಮೊದಲಿನಿಂದ ಹಾಗೆಯೇ ಇದ್ದಂತೆ ತೋರುತ್ತದೆ.

ಕಿರಿಯ ಮಗುವಿನ ಮನಸ್ಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮನೆಯ ಎರಡನೆಯ, ಮೂರನೆಯ ಮಕ್ಕಳಿಗೆ ಅಂಗಿ ಹಳೆಯದು, ಪುಸ್ತಕ ಹಳೆಯದು, ಸೈಕಲ್ಲೂ ಹಳೆಯದು ಎಂದಾದಾಗ ಅವರು ಗೊಣಗುವುದು ತಪ್ಪಲ್ಲ. ಪಾಲಕರು ಎಲ್ಲವನ್ನೂ ಹೊಸದಾಗಿ ಕೊಡಲಾರದಿದ್ದರೂ ಬ್ಯಾಗನ್ನೋ ಬೆಲ್ಟನ್ನೋ ಆ ಮಗುವಿನ ಇಷ್ಟದಂತೆ ಹೊಸದು ಕೊಡಿಸಬೇಕು. ಒಂದನೆಯ ತರಗತಿಗೆ ಹೋಗುವ ಮೊದಲ ದಿನವಾದರೂ ಮೈಮೇಲೆ ಹೊಸ ಅಂಗಿ ಇರಲಿ ಎಂಬುದು ನನ್ನ ಅಭಿಪ್ರಾಯ. ಕಾಲರಿನ ಒಳಗೆ ಶಾಯಿಯಲ್ಲಿ ಬರೆದ ಅಕ್ಕನ ಹೆಸರಿನ ಮೇಲೆ ತಂಗಿಯ ಹೆಸರಿನ ಪಟ್ಟಿಯೊಂದನ್ನು ಹೊಲಿದು ಮುಚ್ಚುವುದು ಸಣ್ಣ ಕೆಲಸ, ಆದರೆ ಬಟ್ಟೆ ತನ್ನದಾಯಿತೆಂದು ಮಗುವಿಗೆ ಅನ್ನಿಸುವುದು ಅದರಿಂದಲೇ. ತರಗತಿಯಲ್ಲಿ "ಇದು ನಿಮ್ಮಕ್ಕಂದ ಏನವಾ?" ಎಂದು ಎಲ್ಲರೆದುರು ಕೇಳುವ ಅಕ್ಕೋರು ಪ್ರೀತಿಯಿಂದಲೇ ಕೇಳಿರಬಹುದು, ಆದರೂ ಕೇಳಬಾರದು.

ಒಂದೇ ಮನೆಯೊಳಗೆ ಈ ವ್ಯವಸ್ಥೆ ಎಲ್ಲರಿಗೂ ಒದಗುವುದಿಲ್ಲ. ಅಕ್ಕನ ಪಿನಾಫೋರು ತಮ್ಮನಿಗೆ ಬಾರದು. ಅಂಗಿಯಲ್ಲಿಯೂ ಹುಡುಗಿಯರದಕ್ಕೆ ಗುಂಡಿ ಒಂದು ಬದಿ, ಹುಡುಗರದಕ್ಕೆ ಇನ್ನೊಂದು ಬದಿ ಹಚ್ಚುವ ರೂಢಿಯಿದೆ. ಸಣ್ಣ ತರಗತಿಗಳ ಮಟ್ಟಿಗಾದರೂ ಗುಂಡಿಯನ್ನು ಎಲ್ಲರಿಗೂ ಒಂದೇ ಬದಿ ಹಚ್ಚಲು ದರ್ಜಿಗಳಿಗೆ ಹೇಳಬಹುದು. ಒಬ್ಬನೇ ಮಗನಿರುವ ಮನೆಯ ಬಟ್ಟೆ ಪಾತ್ರೆ ಮಾರಲು ಬರುವವಳಿಗೆ ಹೋಗಿ ಒಂದು ಸ್ಟೀಲ್ ಡಬ್ಬಿಯಾಗುತ್ತದೆ, ಅದೇ ಓಣಿಯ ಇನ್ನೊಬ್ಬ ತಾಯಿ ಅದೇ ಅಳತೆಯ ಚಡ್ಡಿಗಾಗಿ ಅಂಗಡಿಗೆ ಹೋಗುತ್ತಾಳೆ. ಈ ಇಬ್ಬರನ್ನೂ ಒಂದೆಡೆ ಸೇರಿಸಬಲ್ಲದ್ದು ಶಾಲೆ ಮಾತ್ರ.

ಏಪ್ರಿಲ್ ಎರಡನೆಯ ವಾರದಲ್ಲಿ ಫಲಿತಾಂಶ ತಿಳಿಯಲು ಪಾಲಕರು ಹೇಗೂ ಶಾಲೆಗೆ ಬರುತ್ತಾರೆ. ಅಂದೇ ಒಂದು ಕೋಣೆಯಲ್ಲಿ ಬೆಂಚುಗಳನ್ನು ಸಾಲಾಗಿ ಜೋಡಿಸಿ, ತರಗತಿವಾರು ಬೇಡ, ಅಳತೆವಾರು ಬಟ್ಟೆಗಳನ್ನು ಇಡಬೇಕು. ಏಕೆಂದರೆ ಐದನೆಯ ತರಗತಿಯ ಮಕ್ಕಳೆಲ್ಲ ಒಂದೇ ಎತ್ತರದವರಲ್ಲ. ಒಗೆದು ಇಸ್ತ್ರಿ ಮಾಡಿದ್ದನ್ನಷ್ಟೇ ತೆಗೆದುಕೊಳ್ಳಬೇಕು. ಉಚಿತವೆಂದು ಹಂಚುವುದು ನನಗೆ ಒಪ್ಪಿಗೆಯಿಲ್ಲ. ಉಚಿತವೆಂದ ಕೂಡಲೇ ಕೊಡುವವರು ಒಂದು ಗುಂಪು, ಪಡೆಯುವವರು ಇನ್ನೊಂದು ಗುಂಪು ಆಗುತ್ತಾರೆ, ಫೋಟೋ ತೆಗೆಯುವವರೂ ಬರುತ್ತಾರೆ. ಒಂದಕ್ಕೆ ಹತ್ತು ಇಪ್ಪತ್ತು ರೂಪಾಯಿ ಇಟ್ಟು, ಆ ಹಣವನ್ನು ಗುಂಡಿ, ಇಲಾಸ್ಟಿಕ್, ದಾರಕ್ಕೆ ಬಳಸಿದರೆ ಯಾರೂ ಯಾರ ಹಂಗಿನಲ್ಲಿಯೂ ಇರುವುದಿಲ್ಲ. ಉಳ್ಳವರು ಮೊದಲು ಅಲ್ಲಿ ಕೊಂಡರೆ ಇನ್ನೂ ಒಳ್ಳೆಯದು. ಮುಖ್ಯಾಧ್ಯಾಪಕರ ಮಗಳು ಹಳೆಯ ಲಂಗ ತೊಟ್ಟು ಬಂದ ಶಾಲೆಯಲ್ಲಿ ಬೇರೆ ಮಕ್ಕಳನ್ನು ಯಾರೂ ಕೆಣಕಲಾರರು. ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿಗಳು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು), ಖಾಸಗಿ ಶಾಲೆಗಳಲ್ಲಿ ಪಾಲಕರ ಸಭೆಗಳು ಇದನ್ನು ವಹಿಸಿಕೊಳ್ಳಬಹುದು. ನಮಗಿಂತ ಎಷ್ಟೋ ಶ್ರೀಮಂತವಾದ ಇಂಗ್ಲೆಂಡಿನಲ್ಲಿ ಸಮವಸ್ತ್ರದ ವೆಚ್ಚಕ್ಕೆ ಸಂಬಂಧಿಸಿ 2021ರಲ್ಲಿ ಕಾಯ್ದೆಯನ್ನೇ ತಂದಿದ್ದಾರೆ. ಅದರಡಿ ಹೊರಟ ಮಾರ್ಗಸೂಚಿಯು ಬಳಸಿದ ಸಮವಸ್ತ್ರ ಪಾಲಕರಿಗೆ ಸಿಗುವಂತೆ ಶಾಲೆಗಳೇ ನೋಡಿಕೊಳ್ಳಬೇಕು, ಲಾಂಛನವಿರುವ ಬಟ್ಟೆಗಳನ್ನು ಆದಷ್ಟು ಕಡಿಮೆ ಮಾಡಬೇಕು ಎನ್ನುತ್ತದೆ. ಅಲ್ಲಿ ಕಾಯ್ದೆ ಬೇಕಾಯಿತು. ಇಲ್ಲಿ ಒಂದು ಕೋಣೆ, ನಾಲ್ಕು ಬೆಂಚು ಸಾಕು.

ಇದರಿಂದ ದರ್ಜಿಗಳ ಹೊಟ್ಟೆಗೆ ಪೆಟ್ಟು ಬೀಳುತ್ತದೆಂದು ಕೆಲವರು ಹೇಳಬಹುದು. ಸಿದ್ಧ ಉಡುಪಿನ ಗಂಟುಗಳು ಹೊರಗಿನಿಂದ ಬರತೊಡಗಿದಂದೇ ಆ ಪೆಟ್ಟು ಬಿದ್ದಾಗಿದೆ. ಹಳೆಯದನ್ನು ಹೊಂದಿಸಿ ಕೊಡುವ ಕೆಲಸವಾದರೂ ಓಣಿಯ ದರ್ಜಿಯ ಕೈಯಲ್ಲಿ ಉಳಿಯುತ್ತದೆ.

ಬರುವ ಏಪ್ರಿಲ್‌ನಲ್ಲಿ ಯಾವುದಾದರೂ ಶಾಲೆ ಹೀಗೊಂದು ದಿನವನ್ನು ಗೊತ್ತುಮಾಡಿದರೆ ನನ್ನಂತಹ ನಿವೃತ್ತ ಹೊಲಿಗೆ ಶಿಕ್ಷಕಿಯರು ಕೆಲವರು ಬಂದು ಕುಳಿತು ಅಲ್ಲಿಯೇ ಅಳತೆ ಹೊಂದಿಸಿ ಕೊಡಲು ಸಿದ್ಧರಿದ್ದೇವೆ. ಕರೆಂಟಿನ ವ್ಯವಸ್ಥೆಯೂ ಬೇಕಾಗಿಲ್ಲ, ನಮ್ಮವು ಕಾಲಿನಿಂದ ತುಳಿಯುವ ಯಂತ್ರಗಳು. ಅವುಗಳನ್ನು ಸಾಗಿಸಲು ಒಂದು ಟಂಟಂ ಗಾಡಿಯನ್ನು ಶಾಲೆಯವರು ಕಳಿಸಿಕೊಡಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹೊಲಿಗೆ ಶಿಕ್ಷಕಿ,
ಧಾರವಾಡ