ಕಥೆ ಬಿಡಿಸಿ ಓದೋದು ಕಲಿಸಿದ ಎಲ್ಲರಿಗೂ ಥ್ಯಾಂಕ್ಸ್

ನನ್ನ ಮೊದಲನೇ ಕಥಾಸಂಕಲನದ ಪ್ರೂಫ್ ನೋಡಿ ಮುಗಿಸಿ ನಿನ್ನೆ ರಾತ್ರಿ ಪ್ರಕಾಶಕರಿಗೆ ಕಳಿಸಿದೆ, ಇನ್ನೇನು ಅಚ್ಚಿಗೆ ಹೋಗುತ್ತೆ. ಪುಸ್ತಕದಲ್ಲಿ ಕೃತಜ್ಞತೆಗೆ ಅಂತ ಇರೋದು ಒಂದೇ ಪುಟ, ಅಷ್ಟರಲ್ಲಿ ಎಲ್ಲರನ್ನೂ ಸೇರಿಸೋಕಾಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ನಾನು ತಿಪಟೂರಲ್ಲಿ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯೋಳು, ಓದಿದ್ದು ಬಿಕಾಂ. ಕಥೆ ಕಟ್ಟೋದು ಕಲಿತಿದ್ದೆಲ್ಲ ನಮ್ಮ ಕಾಲದವರ ಕಥೆಗಳನ್ನ ಬಿಡಿಸಿ ಬಿಡಿಸಿ ಓದಿ, ಅದೂ ಒಬ್ಬಳೇ ಅಲ್ಲ, ಭಾನುವಾರ ಭಾನುವಾರ ಮೇಷ್ಟ್ರ ಮನೆ ಜಗಲಿ ಮೇಲೆ ಇನ್ನೂ ನಾಲ್ಕೈದು ಜನರ ಜೊತೆ ಕೂತು. ಹಾಗಾಗಿ ಮೊದಲು ಮೇಷ್ಟ್ರಿಗೆ. ಹೆಸರು ಹಾಕಬೇಡ ಕಣಮ್ಮ ಅಂದಿದಾರೆ, ಹಾಕಲ್ಲ. ರಿಟೈರಾದ ಮೇಲೂ ಒಂದು ಪೈಸೆ ತಗೊಳ್ದೆ, ಬಂದೋರಿಗೆಲ್ಲ ಕಾಫಿ ಕೊಟ್ಟು, ತಮ್ಮ ಹತ್ರ ಇದ್ದ ಪ್ರಜಾವಾಣಿ ದೀಪಾವಳಿ ವಿಶೇಷಾಂಕಗಳು, ಕಥೆಗಾರ ವಿವೇಕ ಶಾನಭಾಗರು ತರ್ತಿದ್ದ ಸಾಹಿತ್ಯ ಪತ್ರಿಕೆ 'ದೇಶ ಕಾಲ'ದ ಹಳೇ ಸಂಚಿಕೆಗಳು ಎಲ್ಲವನ್ನೂ ನಮ್ಮ ಕೈಗೆ ಕೊಟ್ಟೋರು ಅವರು.

ಮೇಷ್ಟ್ರದ್ದು ಒಂದೇ ರೂಲು. ಕಥೆ ಚೆನ್ನಾಗಿದೆ, ಮನಸ್ಸಿಗೆ ತಟ್ಟಿತು ಅಂತ ಹೇಳೋ ಹಾಗಿಲ್ಲ. ಯಾವ ಸಾಲಲ್ಲಿ ತಟ್ಟಿತು, ಆ ಸಾಲು ತಟ್ಟಬೇಕು ಅಂದ್ರೆ ಅದಕ್ಕೆ ಮುಂಚೆ ಕಥೆಗಾರರು ಎಲ್ಲಿ ಏನು ಇಟ್ಟಿದ್ರು, ಬೆರಳಿಟ್ಟು ತೋರಿಸಬೇಕು. ನೋಟ್‌ಬುಕ್ಕಿನ ಎಡಗಡೆ ಪುಟದಲ್ಲಿ ಕಥೇನ ಕೈಯಲ್ಲೇ ನಕಲು ಮಾಡೋದು, ಬಲಗಡೆ ಪ್ರತಿ ಪ್ಯಾರಾದ ಎದುರಿಗೆ, ಇಲ್ಲಿ ಹೊಸದಾಗಿ ಏನು ಗೊತ್ತಾಯ್ತು, ಏನನ್ನ ಇನ್ನೂ ಹೇಳಿಲ್ಲ ಅಂತ ಒಂದೊಂದು ಸಾಲು ಬರೆಯೋದು. ದಿನಾ ಲೆಡ್ಜರ್ ಬರೆಯೋ ನನಗೆ ಈ ಪದ್ಧತಿ ತುಂಬಾ ಹಿಡಿಸಿತು.

ಶಾನಭಾಗರದ್ದೇ 'ಘಾಚರ್ ಘೋಚರ್' ನೀಳ್ಗತೆಯನ್ನ ಹೀಗೆ ನಕಲು ಮಾಡಿದಾಗ ಆದ ಸಂತೋಷ ಇವತ್ತಿಗೂ ಹಾಗೇ ಇದೆ. ಅದು ಒಂದು ಮನೆಯ ಕಥೆ, ಆದ್ರೆ ಶುರುವಾಗೋದು ಮನೆಯಿಂದಲ್ಲ, ಕಾಫಿ ಹೌಸಿಂದ, ವಿನ್ಸೆಂಟ್ ಅನ್ನೋ ಸಪ್ಲೈಯರ್‌ನಿಂದ. ಕಥೆ ಹೇಳ್ತಿರೋನಿಗೆ ಹೆಸರೇ ಇಲ್ಲ. ಹಳೇ ಸಣ್ಣ ಮನೆ, ಇರುವೆ ಕಾಟ, ಆಮೇಲೆ ಬಂದ ದುಡ್ಡು, ಹೆಂಡತಿ, ಎಲ್ಲ ನಿಧಾನಕ್ಕೆ ಒಂದೊಂದಾಗಿ ಬರುತ್ತೆ, ಅವನು ಎಷ್ಟು ಮಾತಾಡಿದ್ರೂ ಯಾವುದೋ ಒಂದು ಮಾತಿನ ಸುತ್ತಾನೇ ಸುತ್ತುತಾ ಇದಾನೆ ಅನ್ನೋದು ನನ್ನ ಬಲಗಡೆ ಪುಟದಲ್ಲಿ ಪ್ಯಾರಾ ಪ್ಯಾರಾಕ್ಕೂ ಕಾಣ್ತಾ ಹೋಯ್ತು. ಕೊನೆ ಹೇಳಲ್ಲ, ಓದದೇ ಇರೋರು ಓದಿ. ಓದೋರಿಗೆ ಭಯ ಆಗಬೇಕು ಅಂದ್ರೆ ಭಯದ ವಿಷಯಾನೇ ಬರೀಬೇಕು ಅಂತಿಲ್ಲ, ಹೇಳೋನು ಯಾವ ಮಾತನ್ನ ಹೇಳದೇ ದಾಟಿ ಹೋಗ್ತಾನೆ ಅನ್ನೋದು ಕಂಡ್ರೆ ಸಾಕು ಅಂತ ನಾನು ಕಲ್ತಿದ್ದು ಅಲ್ಲಿ. ನನ್ನ ಸಂಕಲನದ ಎರಡು ಕಥೆ ಪೂರ್ತಿ ನಿಂತಿರೋದೇ ಅದರ ಮೇಲೆ.

ಜಯಂತ ಕಾಯ್ಕಿಣಿಯವರ 'ನೋ ಪ್ರೆಸೆಂಟ್ಸ್ ಪ್ಲೀಸ್' ಬೇರೆ ಥರ. ಮುಂಬೈಲಿ, ನಮ್ಮವರು ಅಂತ ಯಾರೂ ಇಲ್ಲದ ಹುಡುಗ ಹುಡುಗಿ ತಮ್ಮ ಮದುವೆ ಕಾಗದದಲ್ಲಿ ಏನೇನು ಹಾಕಿಸೋದು ಅಂತ ಮಾತಾಡ್ತಾರೆ, ಅಷ್ಟೇ. ಆದ್ರೆ ಆ ಒಂದು ಕಾಗದದೊಳಗೆ ಹೆಸರು, ಕುಲ, ಊರು, ಒಂಟಿತನ ಎಲ್ಲ ಬಂದು ಕೂತ್ಕೊಳುತ್ತೆ. ಒಂದು ವಸ್ತುವನ್ನ ಗಟ್ಟಿಯಾಗಿ ಹಿಡ್ಕೊ, ಮಿಕ್ಕಿದ್ದು ತಾನಾಗೇ ಬರುತ್ತೆ ಅಂತ ಮೇಷ್ಟ್ರು ಹೇಳ್ತಿದ್ದಿದ್ದು ಇದಕ್ಕೇ.

ಇನ್ನು ಬಾನು ಮುಷ್ತಾಕ್ ಮೇಡಂ. ನಮ್ಮ ಪಕ್ಕದ ಹಾಸನದವರು. 2025ರ ಮೇನಲ್ಲಿ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಮ್ಮ ಜಗಲಿ ಮೇಲೆ ನಿಜವಾಗ್ಲೂ ಹಬ್ಬ ಆಯ್ತು, ಆ ಪ್ರಶಸ್ತಿ ಒಂದು ಸಣ್ಣಕಥೆ ಸಂಕಲನಕ್ಕೆ ಬಂದಿದ್ದು ಅದೇ ಮೊದಲು, ಅದೂ ಕನ್ನಡದ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ. ಅದರಲ್ಲಿರೋ 12 ಕಥೆಗಳು 1990ರಿಂದ 2023ರ ತನಕ ಬರೆದವು. ವಕೀಲಿಕೆ, ಮನೆ, ಹೋರಾಟ ಎಲ್ಲದರ ಮಧ್ಯೆ ಮೂವತ್ತು ವರ್ಷಕ್ಕೂ ಮೇಲೆ ಬರೀತಾನೇ ಇದ್ರಲ್ಲ, ಕೆಲಸ ಮುಗಿಸ್ಕೊಂಡು ರಾತ್ರಿ ಬರೆಯೋಕೆ ಕೂರೋ ನನ್ನಂಥೋರಿಗೆ ಅದು ಎಷ್ಟು ದೊಡ್ಡ ಧೈರ್ಯ ಗೊತ್ತಾ. 'ಒಮ್ಮೆ ಹೆಣ್ಣಾಗು ಪ್ರಭುವೇ' ಕಥೆಯಲ್ಲಿ ಕಥೆ ಹೇಳೋ ಹೆಂಗಸು ಮಾತಾಡೋದೇ ನೇರ ದೇವರ ಜೊತೆ. ಕಥೆ ಯಾರಿಗೆ ಹೇಳ್ತಿದೀವಿ ಅನ್ನೋದು ಬದಲಾದ್ರೆ ವಾಕ್ಯದ ಉಸಿರೇ ಬದಲಾಗುತ್ತೆ ಅಂತ ಅದನ್ನ ಗಟ್ಟಿಯಾಗಿ ಓದಿದಾಗ ತಿಳೀತು. ಅಮ್ಮನ್ನ ಆಸ್ಪತ್ರೆಗೆ ಸೇರಿಸಿದ್ದಾಗ ನಾನು ಜಗಲಿಗೆ ಬರೋಕಾಗ್ತಿರಲಿಲ್ಲ, ಆಗ ನಮ್ಮ ಗುಂಪಿನ ಹುಡುಗಿ ಅದನ್ನೇ ಪೂರ್ತಿ ಓದಿ ವಾಯ್ಸ್ ಮೆಸೇಜ್ ಮಾಡಿ ಕಳಿಸಿದ್ಲು, ನಾನೂ ಅಮ್ಮನೂ ಒಂದೊಂದು ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೇಳಿದ್ವಿ. ಮಗಳೇ, ನಿನ್ನ ಋಣ ದೊಡ್ಡದು.

ಲೈಬ್ರರಿ ಮೇಡಂಗೂ ತುಂಬಾ ಥ್ಯಾಂಕ್ಸ್. ವೈದೇಹಿ, ದೇವನೂರ, ವಸುಧೇಂದ್ರ ಯಾರ ಪುಸ್ತಕ ಕೇಳಿದ್ರೂ ಎಲ್ಲಿದ್ರೂ ಹುಡುಕಿ ತೆಗೆದಿಟ್ಟು ಫೋನ್ ಮಾಡ್ತಿದ್ರು.

ಮತ್ತೆ ನಮ್ಮ ಮಂಡಿಯ ಹಿರಿಯ ಹಮಾಲಿ ಅಣ್ಣ. ಪುಸ್ತಕದ ಕೊನೇ ಕಥೆ ಕೊಬ್ಬರಿಯದ್ದು, ಸಾಲ ತೀರಿಸೋಕೆ ಕೊಬ್ಬರಿಯಾಗಲಿ ಅಂತ ಅಟ್ಟದ ಮೇಲೆ ಒಣಗೋಕೆ ಬಿಟ್ಟ ತೆಂಗಿನಕಾಯಿನ ಅಪ್ಪ ಅವಧಿಗೆ ಮುಂಚೇನೇ ಇಳಿಸ್ತಾನಾ ಇಲ್ವಾ ಅನ್ನೋದು. ಚೀಲ ಬರದೇ ಇದ್ದ ಒಂದು ಮಧ್ಯಾಹ್ನ ಅದನ್ನ ಅಣ್ಣನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ನಮ್ಮಪ್ಪ ಅಟ್ಟ ಹತ್ತಿ ಒಂದು ಕಾಯಿ ತಗೊಂಡು ಕಿವಿ ಹತ್ರ ಅಲ್ಲಾಡಿಸೋರು ಕಣವ್ವ, ಒಳಗೆ ಲೊಡಲೊಡ ಅಂದ್ರೆ ಗಿಟುಕು ಬಿಟ್ಟೈತೆ ಅಂತ, ಅಲ್ಲೀಗಂಟ ಮನೇಲಿ ಯಾರೂ ಮಾತಾಡಂಗಿರಲಿಲ್ಲ" ಅಂದ್ರು. ನನಗೆ ಬೇಕಾಗಿದ್ದು ಅದೇ. ಅಪ್ಪ ಏನು ನಿರ್ಧಾರ ಮಾಡಿದ ಅಂತ ಕಥೆ ಬಾಯಿ ಬಿಟ್ಟು ಹೇಳಲ್ಲ, ಕೆಳಗೆ ನಿಂತ ಮಗಳು ಆ ಸದ್ದಿಗೆ ಕಾಯ್ತಾಳೆ. ಆ ಪ್ಯಾರಾ ನನ್ನದಲ್ಲ, ಅಣ್ಣಂದು, ಪುಸ್ತಕದಲ್ಲೂ ಹಾಗಂತಲೇ ಹಾಕಿದೀನಿ.

ಮನೆಯೋರಿಗೆ ಇಲ್ಲಿ ಹೆಚ್ಚು ಬರೆಯಲ್ಲ, ಅವರಿಗೆ ಎದುರಿಗೇ ಹೇಳಿದೀನಿ. ಭಾನುವಾರ ಬೆಳಗ್ಗೆ ಅಡುಗೆಮನೆ ಕಡೆ ತಲೆ ಹಾಕೋಕೂ ಬಿಡದೆ ನನ್ನನ್ನ ಕಳಿಸ್ತಿದ್ದ ಅತ್ತೆಗೆ ಮಾತ್ರ ಇನ್ನೊಂದು ಸಲ ಕೈ ಮುಗೀತೀನಿ.

ಪುಸ್ತಕ ಬಂದ ತಕ್ಷಣ ಜಗಲಿ ಗುಂಪಿನ ಎಲ್ಲರಿಗೂ ಒಂದೊಂದು ಪ್ರತಿ ನಾನೇ ತಂದು ಕೊಡ್ತೀನಿ, ಯಾರೂ ಕೊಂಡ್ಕೋಬೇಡಿ. ಈ ಭಾನುವಾರ ವೈದೇಹಿಯವರ 'ಅಕ್ಕು' ಓದೋದು ಅಂತ ಮೇಷ್ಟ್ರು ಹೇಳಿದಾರೆ, ತಿಪಟೂರಿನ ಸುತ್ತಮುತ್ತ ಇರೋರು, ಬರೀಬೇಕು ಅಂತ ಆಸೆ ಇರೋರು ಬನ್ನಿ, ಒಂದು ನೋಟ್‌ಬುಕ್ಕು ಪೆನ್ನು ತಂದ್ರೆ ಸಾಕು.