ವ್ಯಾಲಿ ಫೋರ್ಜ್‌ಗೆ ಹೊರಟ ಗೆಳೆಯನಿಗೆ

ಪ್ರಿಯ ಗೆಳೆಯಾ,

ಮಕ್ಕಳನ್ನು ವ್ಯಾಲಿ ಫೋರ್ಜ್‌ಗೆ ಕರೆದುಕೊಂಡು ಹೋಗುತ್ತೇನೆ ಅಂದೆಯಲ್ಲ, ಫಿರಂಗಿ ಮುಂದೆ ಫೋಟೋ ತೆಗೆದು ವಾಪಸಾಗಬೇಡ ಮಾರಾಯ. ಅಲ್ಲಿ ಯುದ್ಧವೇ ನಡೆದಿಲ್ಲ. ಬ್ರಿಟಿಷರ ವಿರುದ್ಧದ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಜನರಲ್ ಜಾರ್ಜ್ ವಾಷಿಂಗ್ಟನ್ನರ ಸೈನ್ಯ 1777ರ ಡಿಸೆಂಬರ್ 19ರಿಂದ ಮರುವರ್ಷದ ಜೂನ್ 19ರವರೆಗೆ ಬಿಡಾರ ಹೂಡಿದ ಜಾಗ ಅದು. ಆ ಆರು ತಿಂಗಳಲ್ಲಿ ಸುಮಾರು 2,000 ಮಂದಿ ರೋಗದಿಂದ ಸತ್ತರು. ಚಳಿಗೆ ಸತ್ತರು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹೆಚ್ಚಿನವರು ಸತ್ತದ್ದು ಹಿಮ ಕರಗಿದ ಮೇಲೆ, ಮಾರ್ಚ್‌ನಿಂದ ಮೇವರೆಗೆ.

ಕಾರಣ ಬೇಕಿದ್ದರೆ ಅಲ್ಲಿ ಮರಳಿ ಕಟ್ಟಿರುವ ಗುಡಿಸಲೊಂದರ ಒಳಹೊಕ್ಕು ನೋಡು. ಆದೇಶದ ಪ್ರಕಾರ ಅಳತೆ 14 ಅಡಿಗೆ 16 ಅಡಿ, ಗೋಡೆಯ ಎತ್ತರ ಆರೂವರೆ ಅಡಿ. ಅಷ್ಟರಲ್ಲಿ 12 ಸಿಪಾಯಿಗಳು. ತಲೆಗೆ 19 ಚದರಡಿಯೂ ಸಿಗದು, ಚಾಪೆ ಹಾಸಿದರೆ ಮುಗಿಯಿತು. ಮರದ ದಿಮ್ಮಿಗಳ ತುದಿಗೆ ಕಚ್ಚು ಕೊರೆದು ಒಂದರ ಮೇಲೊಂದು ಕೂರಿಸಿ ಸಂದಿಗೆ ಜೇಡಿಮಣ್ಣು ಮೆತ್ತುತ್ತಿದ್ದರು. ಹಿಂಬದಿಯ ಒಲೆಗೂಡೂ ಮರದ್ದೇ, ಸುಡದಿರಲಿ ಅಂತ ಒಳಗೆ 18 ಅಂಗುಲ ಮಣ್ಣು. ಪ್ರತಿ ರೆಜಿಮೆಂಟಿನಲ್ಲಿ ಬೇಗ, ಅಚ್ಚುಕಟ್ಟಾಗಿ ಕಟ್ಟಿದ ತಂಡಕ್ಕೆ 12 ಡಾಲರ್ ಬಹುಮಾನ. ಸಿಪಾಯಿಯ ತಿಂಗಳ ಸಂಬಳ ಆರೂಮುಕ್ಕಾಲು ಡಾಲರಿಗೂ ಕಮ್ಮಿ ಇದ್ದ ಕಾಲ, ಆಸೆ ಹುಟ್ಟದೆ ಇರುತ್ತದೆಯೇ? ಅವಸರದಲ್ಲಿ ಕೆಲವರು ಗೋಡೆ ಎತ್ತರಿಸುವ ಬದಲು ನೆಲ ಅಗೆದರು. ಅಲ್ಲಿ ತೇವ ಆರಲೇ ಇಲ್ಲ. ಹಲಗೆ ಸಿಗದೆ ಹುಲ್ಲು, ಹೆಂಟೆ ಹೊದಿಸಿದ ಮಾಡು ಸೋರುತ್ತಿತ್ತು. ಹಸಿ ಸೌದೆಯ ಹೊಗೆ ಬೇರೆ. ಹಾಸಿದ ಹುಲ್ಲನ್ನು ಬದಲಿಸಲು ಹೊಸದಿಲ್ಲ, ಉಟ್ಟ ಬಟ್ಟೆಗೆ ಇನ್ನೊಂದಿಲ್ಲ. ಅದರಲ್ಲಿ ಹೇನು, ಹೇನಿನಿಂದ ಟೈಫಸ್ ಎಂಬ ಮಾರಕ ಜ್ವರ. ಸಿಡುಬಿಗೆ ಮಾತ್ರ ಉಪಾಯವಿತ್ತು: ತೋಳನ್ನು ತುಸು ಕೊಯ್ದು ರೋಗಿಯ ಬೊಕ್ಕೆಯ ಕೀವು ಹಚ್ಚುತ್ತಿದ್ದರು.

ಊಟದ್ದು ಇನ್ನೊಂದು ಕತೆ. ಕಾಂಗ್ರೆಸ್, ಅಂದರೆ ಅಮೆರಿಕದ ವಸಾಹತುಗಳ ಪ್ರತಿನಿಧಿ ಸಭೆ, 1775ರಲ್ಲಿ ಗೊತ್ತುಮಾಡಿದ ಪಡಿ ಓದಿದರೆ ಬಾಯಲ್ಲಿ ನೀರೂರುತ್ತದೆ: ದಿನಕ್ಕೆ ಒಂದು ಪೌಂಡ್ ದನದ ಮಾಂಸ ಅಥವಾ ಮುಕ್ಕಾಲು ಪೌಂಡ್ ಹಂದಿಮಾಂಸ, ಒಂದು ಪೌಂಡ್ ಬ್ರೆಡ್ಡು ಇಲ್ಲವೆ ಹಿಟ್ಟು, ಒಂದು ಪೈಂಟ್ (ಸುಮಾರು ಅರ್ಧ ಲೀಟರ್) ಹಾಲು, ವಾರಕ್ಕೆ ಮೂರು ಪೈಂಟ್ ಬಟಾಣಿ. ಊರುಗಳಲ್ಲಿ ಧಾನ್ಯವಿತ್ತು, ಅದನ್ನು ಹೊತ್ತು ತರಲು ಗಾಡಿ ಕುದುರೆ ಇರಲಿಲ್ಲ. 1778ರ ಮಾರ್ಚ್‌ನಲ್ಲಿ ಜನರಲ್ ನಥಾನಿಯಲ್ ಗ್ರೀನ್ ಸರಬರಾಜಿನ ಹೊಣೆ ಹೊತ್ತ ಮೇಲೆ ಪರಿಸ್ಥಿತಿ ಸುಧಾರಿಸಿತು. ಅಲ್ಲಿಯವರೆಗೆ ಎಷ್ಟೋ ದಿನ ಸಿಕ್ಕಿದ್ದು ಬರೀ ಹಿಟ್ಟು. ನೀರಲ್ಲಿ ಕಲಸಿ, ತಟ್ಟಿ, ಬೆಂಕಿ ಪಕ್ಕದ ಕಲ್ಲಿನ ಮೇಲೆ ಸುಡುವುದು, ಹೆಸರು 'ಫೈರ್‌ಕೇಕ್'. ನಮ್ಮ ಕೆಂಡರೊಟ್ಟಿಯ ನೆಂಟ ಅಂದುಕೊಳ್ಳಬೇಡ. ದಪ್ಪಗೆ ತಟ್ಟಿದ್ದರಿಂದ ಮೇಲೆ ಕರಿ, ಒಳಗೆ ಹಸಿ.

ಫೆಬ್ರವರಿಯಲ್ಲಿ ಬಂದ ಪ್ರಷ್ಯಾದ ಸೇನಾಧಿಕಾರಿ ಸ್ಟೂಬೆನ್ ಕವಾಯತು ಕಲಿಸಿದರು ಅಂತ ಗೈಡ್ ಹೇಳಿಯೇ ಹೇಳುತ್ತಾನೆ. ಅಡಿಗೆ ಜಾಗ ಒಂದು ಕಡೆ, ಕಕ್ಕಸು ಗುಂಡಿ ಇನ್ನೊಂದು ಕಡೆ, ಅದೂ ಇಳಿಜಾರಿನಲ್ಲಿರಬೇಕು ಅಂತ ಹಟ ಹಿಡಿದದ್ದೂ ಅವರೇ. ನನ್ನ ಪ್ರಕಾರ ಕವಾಯತಿಗಿಂತ ಅದೇನೂ ಸಣ್ಣ ಕೆಲಸವಲ್ಲ.

ದಿಮ್ಮಿಗಳ ನಡುವಿನ ಸಂದಿಯನ್ನು ಮಕ್ಕಳಿಗೆ ತೋರಿಸು. ಡಿಸೆಂಬರಿನಲ್ಲಿ ಬೆರಳು ಮರಗಟ್ಟುವಾಗ ಮೆತ್ತಿದ ಮಣ್ಣನ್ನು, ಗಾಳಿಯಾಡಲಿ ಅಂತ, ಮೇ ತಿಂಗಳಲ್ಲಿ ಕೆತ್ತಿ ತೆಗೆಯಲು ಆಜ್ಞೆಯಾಯಿತು.

ನಿನ್ನ ಗೆಳೆಯ